ಎಲ್ಲರಿಗಿಂತ ಹಳೆಯ ಸೊನ್ನೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತುಗಳೂ ಅಷ್ಟಕ್ಕಷ್ಟೇ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು, ಈ ಬಂದೂಕು ಕೂಟದ ಗುರಿಹಲಗೆಗಳ ತೂತು ಮುಚ್ಚುವ ಕೆಲಸಕ್ಕೆ ಸೇರಿದವಳು. ಆದರೆ ಯಾರು ಯಾವ ಮಾತು ಆಡಿದರು ಎಂಬುದನ್ನು ಅವರವರನ್ನೇ ಕೇಳಿ, ಎರಡೆರಡು ಸಲ ತಾಳೆ ನೋಡಿ ಬರೆದಿದ್ದೇನೆ. ಗ್ವೆಂಡಾ ಹೇಳಿದ್ದೂ ಅವಳ ಗಂಡ ಕ್ಲಾರಿ ಹೇಳಿದ್ದೂ ಹೊಂದದ ಕಡೆಯಲ್ಲೆಲ್ಲ ಗ್ವೆಂಡಾ ಹೇಳಿದ್ದನ್ನೇ ಇಟ್ಟುಕೊಂಡಿದ್ದೇನೆ.

ಗ್ವೆಂಡಾ: ನೀನು ನನ್ನ ಪಕ್ಕ ಮಲಗೋದು ಬೇಡ. ಅಷ್ಟೇ ನಾನು ಹೇಳೋದು.

ಕ್ಲಾರಿ: ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು ಕಣೇ. ಈ ಮಾತನ್ನ ಇಷ್ಟು ಜನರ ಮುಂದೆನೇ ಹೇಳಬೇಕಿತ್ತಾ?

ಗ್ವೆಂಡಾ: ಚಾಪೆ ಬದಲಾಯಿಸ್ಕೋ ಅಂತಿದೀನಿ. ಆ ತುದಿಗೆ ಹೋಗು.

ಕ್ಲಾರಿ: ಚೀಟಿ ಎತ್ತಿದ್ದು ನೀನು. ನಾಲ್ಕನೇ ಚಾಪೆ ಅಂತ ಓದಿದ್ದೂ ನೀನು. ನಾನು ಇನ್ನೂ ಕನ್ನಡಕ ಹುಡುಕ್ತಾ ಇದ್ದೆ.

ಗ್ವೆಂಡಾ: ನಿನ್ನ ಮೂಗಿನ ಮೇಲಿರೋದು ನನ್ನ ಕನ್ನಡಕ.

ಕ್ಲಾರಿ: ಅದಕ್ಕೇ ನನ್ನದು ಹುಡುಕ್ತಾ ಇದ್ದಿದ್ದು.

ವಿಲ್ಗಾರಾ ಬಂದೂಕು ಕೂಟದ ಮಣ್ಣಿನ ದಿಬ್ಬದ ಮೇಲೆ, ಮಲಗಿ ಗುಂಡು ಹೊಡೆಯಲು ಆರು ಕ್ಯಾನ್ವಾಸ್ ಚಾಪೆಗಳು. ಎದುರಿಗೆ ಮುನ್ನೂರು ಗಜ ದೂರದಲ್ಲಿ ಆರು ಗುರಿಹಲಗೆಗಳು, ಅವುಗಳ ಹಿಂದೆ ಮರಳಿನ ಏರಿ. ವರ್ಷದ ಸ್ಪರ್ಧೆಯ ದಿನ. ಮೂರನೇ ಚಾಪೆಯಲ್ಲಿ ಗ್ವೆಂಡಾ, ಅವಳ ಬಲಕ್ಕೆ ನಾಲ್ಕನೆಯದರಲ್ಲಿ ಕ್ಲಾರಿ. ಗಂಡ ಪಕ್ಕದಲ್ಲಿರುವುದಕ್ಕೆ ಗ್ವೆಂಡಾಳ ತಕರಾರು ಇರಲಿಲ್ಲ. ಅವನ ಕೈಯಲ್ಲಿದ್ದ ಬಂದೂಕಿಗೆ ತಕರಾರು.

ಆ ಬಂದೂಕಿನ ಹೆಸರು ಪಾದ್ರಿ. ಒಬ್ಬರನ್ನು ನೋಡಿ ಬೈದರೆ ಪಕ್ಕದ ಬೆಂಚಿನವರಿಗೆ ತಾಗಿಸುವ ಹಳೆಯ ಪಾದ್ರಿಯೊಬ್ಬರ ನೆನಪಿಗೆ ಇಟ್ಟ ಹೆಸರು. ಸೈನ್ಯ ಬೇಡವೆಂದು ಮಾರಿದ ಹನ್ನೆರಡು ಬಂದೂಕುಗಳ ಒಂದು ಪೆಟ್ಟಿಗೆಯನ್ನು ಕೂಟದವರು ಎಂದೋ ಒಂದು ಟಗರಿನ ಬೆಲೆಗೆ ತಂದಿದ್ದರು. ಹನ್ನೊಂದು ಪರವಾಗಿಲ್ಲ. ಪಾದ್ರಿ ಮಾತ್ರ ಸರಿಯಾಗಿ ಒಂದು ಹಲಗೆಯಷ್ಟು ಎಡಕ್ಕೆ ಹೊಡೆಯುತ್ತದೆ. ಹಾಗಾಗಿ ಅದನ್ನು ಹಿಡಿದವರು ತಮ್ಮ ಹಲಗೆಗೆ ತಾಗಿಸಬೇಕಾದರೆ ಬಲಗಡೆಯವರ ಹಲಗೆಗೆ ಗುರಿ ಇಡಬೇಕು.

ಒಳ್ಳೆಯ ಬಂದೂಕು ಒಬ್ಬರ ಕೈಯಲ್ಲೇ ಉಳಿಯಬಾರದು ಎಂದು ಹಿರಿಯರು ಒಂದು ಪದ್ಧತಿ ಮಾಡಿಟ್ಟಿದ್ದರು. ಸ್ಪರ್ಧೆಯಲ್ಲಿ ಗೆದ್ದವರು ಮತ್ತು ಕೊನೆಯಲ್ಲಿ ಬಂದವರು ಬಂದೂಕು ಅದಲುಬದಲು ಮಾಡಿಕೊಳ್ಳಬೇಕು. ಪಾದ್ರಿ ಹಿಡಿದವರು ಹೇಗೂ ಕೊನೆಗೇ ಬರುತ್ತಾರೆ. ಅಂದರೆ ಗೆದ್ದವರಿಗೆ ಬಹುಮಾನ ಪಾದ್ರಿ. ಹೋದ ವರ್ಷ ಗೆದ್ದವನು ಕ್ಲಾರಿ.

ಗ್ವೆಂಡಾಳ ಬಂದೂಕು ಮೇಬಲ್. ಇಪ್ಪತ್ತೆರಡು ವರ್ಷದಿಂದ ಅವಳ ಕೈಯಲ್ಲಿದೆ. ಅದರ ಮರದ ಹಿಡಿಯಲ್ಲಿ ಅವಳ ಕೆನ್ನೆಯದೇ ಅಳತೆಯ ನುಣುಪಾದ ಗುಳಿ ಬಿದ್ದಿದೆ. ಮನೆಯಲ್ಲಿ ಅವಳದೆನ್ನುವುದು ಯಾವುದೂ ಅವಳದಾಗಿ ಉಳಿದಿರಲಿಲ್ಲ. ಅವಳ ಹೊಲಿಗೆ ಕತ್ತರಿಯಲ್ಲಿ ಕ್ಲಾರಿ ಬೇಲಿ ತಂತಿ ಕತ್ತರಿಸಿದ್ದ. ಅವಳ ಬಿಸಿನೀರಿನ ಚೀಲ ತಬ್ಬಲಿ ಕುರಿಮರಿಯ ಪಾಲಾಗಿತ್ತು. ಅವಳ ಕೇಕಿನ ತಟ್ಟೆಯಲ್ಲಿ ಟ್ರಾಕ್ಟರಿನ ಎಣ್ಣೆ ತೊಟ್ಟಿಕ್ಕುತ್ತಿತ್ತು. ಕೂಟದ ಕಬ್ಬಿಣದ ಬೀರುವಿನಲ್ಲಿ ಬೀಗದೊಳಗಿರುವ ಮೇಬಲ್ ಒಂದನ್ನೇ ಅವನ ಕೈ ಮುಟ್ಟಿರಲಿಲ್ಲ.

ಕ್ಲಾರಿ: ನಿಜ ಹೇಳು. ನಾನು ಮೇಬಲ್ ಮೇಲೆ ಕಣ್ಣಿಟ್ಟಿದೀನಿ ಅಂತ ತಾನೇ ನಿನ್ನ ಅನುಮಾನ?

ಗ್ವೆಂಡಾ: ನೀನು ಬೇಕಂತ್ಲೇ ಕೊನೇಲಿ ಬರ್ತೀಯ. ನಾನು ಏನಾದ್ರೂ ಗೆದ್ದರೆ ಮೇಬಲ್ ನಿನ್ನ ಕೈಗೆ.

ಕ್ಲಾರಿ: ಗ್ವೆಂಡಾ, ನನ್ನ ಜೀವಮಾನದಲ್ಲಿ ಒಂದು ಸಲಾನೂ ನಾನು ಬೇಕಂತ ಗುರಿ ತಪ್ಪಿಸಿಲ್ಲ. ತಪ್ಪಿಸಿದ್ದೆಲ್ಲಾ ಶ್ರದ್ಧೆಯಿಂದಲೇ.

ಗ್ವೆಂಡಾ: ಹೋದ ವರ್ಷ ಗೆದ್ದೆಯಲ್ಲ, ಅದು?

ಕ್ಲಾರಿ: ಅದೂ ಶ್ರದ್ಧೆಯಿಂದಲೇ. ನಂಗೇ ಆಶ್ಚರ್ಯ.

ಮೊದಲನೇ ಚಾಪೆಯಿಂದ ಬೆರಿಲ್ ಟಾಂಪ್ಸೆಟ್ ತಲೆ ಎತ್ತಿದಳು. ಅವಳು ಕೂಟದ ಕ್ಯಾಪ್ಟನ್. ಅಂಕ ಬರೆಯುವವಳೂ ಅವಳೇ, ನಿಯಮದ ಪುಸ್ತಕ ಇರುವುದೂ ಅವಳ ಬಳಿಯೇ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಮೂವತ್ತು ವರ್ಷ ಕೂತವಳಾದ್ದರಿಂದ ಯಾರ ಜೊತೆ ಮಾತಾಡಿದರೂ ಅವರು ಅರ್ಜಿ ತಪ್ಪು ತುಂಬಿದವರ ಹಾಗೆ ಮಾತಾಡುತ್ತಿದ್ದಳು.

ಬೆರಿಲ್: ನಿಮ್ಮಿಬ್ಬರ ಸಂಸಾರ ಮುಗೀತಾ? ಒಂಬತ್ತು ಸುತ್ತು ಆಗಿದೆ. ಇನ್ನು ಒಂದೇ ಗುಂಡು. ಅಂಕ ಹೇಳ್ತೀನಿ, ಕೇಳಿಸ್ಕೊಳ್ಳಿ. ಸಾಂತೋ ನಲವತ್ತೆರಡು. ಗ್ವೆಂಡಾ ನಲವತ್ತೆರಡು. ನಂದು ಮೂವತ್ತೆಂಟು. ಟ್ರೆಲೋರ್ ಅಣ್ಣ ಮೂವತ್ತೈದು, ತಮ್ಮ ಮೂವತ್ತೈದು. ಕ್ಲಾರಿ ಹತ್ತೊಂಬತ್ತು.

ಕ್ಲಾರಿ: ಹತ್ತೊಂಬತ್ತಾ? ಪಾದ್ರಿ ಹಿಡ್ಕೊಂಡು ಹತ್ತೊಂಬತ್ತು ಅಂದ್ರೆ ದಾಖಲೆ ಅಲ್ವಾ ಬೆರಿಲಮ್ಮ?

ಬೆರಿಲ್: ಅಂಥ ದಾಖಲೆ ಬರೆಯೋಕೆ ನನ್ನ ಹತ್ರ ಕಾಲಂ ಇಲ್ಲ.

ಎರಡನೇ ಚಾಪೆಯಲ್ಲಿದ್ದ ಸಾಂತೋ ಮೆಲ್ಲಗೆ ಬೆವರು ಒರೆಸಿಕೊಂಡ. ಅವನು ಕಿತ್ತಳೆ ತೋಟದವನು, ಒಳ್ಳೆಯ ಕಣ್ಣಿನವನು. ಗ್ವೆಂಡಾ ಅವನತ್ತ ನೋಡಿದಳು. ಅವನು ಗ್ವೆಂಡಾಳತ್ತ ನೋಡಿದ. ಇಬ್ಬರೂ ಬೇಗ ಬೇರೆ ಕಡೆ ತಿರುಗಿದರು.

ಸಾಂತೋ: ನೀವೇ ಮೊದಲು ಹೊಡೀರಿ ಗ್ವೆಂಡಾ.

ಗ್ವೆಂಡಾ: ಛೆ, ಛೆ. ನೀನೇ ಹೊಡಿ. ವಯಸ್ಸಿನಲ್ಲಿ ಚಿಕ್ಕವನು.

ಸಾಂತೋ: ಅದಕ್ಕೇ ನಾನು ಕಾಯ್ತೀನಿ. ದೊಡ್ಡವರಿಗೆ ಗೌರವ.

ಗ್ವೆಂಡಾ: ನಿನ್ನ ಗೌರವ ಮನೇಲಿಡು. ಹೊಡಿ.

ಸಾಂತೋ ಬಂದೂಕು ಎತ್ತಿದ. ಟ್ರಿಗರ್ ಎಳೆಯುವ ಹೊತ್ತಿಗೆ ಸರಿಯಾಗಿ ಅವನಿಗೊಂದು ಸೀನು ಬಂತು. ಗುರಿಹಲಗೆಗಳ ಕೆಳಗಿನ ಕಂದಕದಲ್ಲಿ ಕೂತು ತೂತು ನೋಡಿ ಹೇಳುವವನು ಡೆಸ್. ಅವನ ದನಿ ರೇಡಿಯೋದಲ್ಲಿ ಕರಕರ ಎಂದಿತು.

ಡೆಸ್: ಎರಡನೇ ಹಲಗೆಗೆ ಎರಡು ಅಂಕ. ಮೂಲೇಲಿ.

ಸಾಂತೋ: ಅಯ್ಯೋ, ಸೀನು ಬಂದುಬಿಡ್ತು. ಒಟ್ಟು ನಲವತ್ತನಾಲ್ಕು. ನನ್ನ ಗ್ರಹಚಾರ.

ಗ್ವೆಂಡಾ: ತುಂಬ ಸಂಕಟಪಡ್ತಿದೀಯ ಪಾಪ.

ಅವಳು ಲೆಕ್ಕ ಹಾಕಿದಳು. ಹಲಗೆಗೆ ಎಲ್ಲಿ ತಾಗಿದರೂ ಕಡಿಮೆಯೆಂದರೆ ಎರಡು, ಆಗ ಸಮ; ಸಮವಾದರೆ ಪುಸ್ತಕದಲ್ಲಿ ಏನಿದೆಯೋ ಅವಳಿಗೆ ಗೊತ್ತಿಲ್ಲ. ಮೂರು ಹೊಡೆದರೆ ಗೆಲುವು. ಹಲಗೆಗೆ ತಾಗಲೇಬಾರದು. ಹಿಂದೆ ಪ್ರತಿ ವರ್ಷವೂ ಒಂದೋ ಎರಡೋ ಅಂಕ ಬಿಟ್ಟುಕೊಟ್ಟು ಎರಡನೆಯವಳಾಗಿ ಉಳಿದಿದ್ದಳು. ಹಲಗೆಯನ್ನೇ ಪೂರ್ತಿ ಬಿಡಬೇಕಾದ ಗತಿ ಇದೇ ಮೊದಲು. ಹಲಗೆಯ ಎಡಕ್ಕೆ, ಏರಿಯ ಮರಳಿನಲ್ಲಿ ಮೂಡಿದ್ದ ಒಂದು ಒಣ ಹುಲ್ಲಿನ ಗಂಟನ್ನು ಆರಿಸಿಕೊಂಡು ಉಸಿರು ಹಿಡಿದಳು. ಅಷ್ಟರಲ್ಲಿ ಬಲಗಡೆ ಕ್ಲಾರಿಯ ಕತ್ತು ಅತ್ತಿತ್ತ ಆಡುತ್ತಿರುವುದು ಕಣ್ಣಿನ ಅಂಚಿಗೆ ಬಿತ್ತು.

ಗ್ವೆಂಡಾ: ಏನು ನೋಡ್ತಿದೀಯ?

ಕ್ಲಾರಿ: ನನ್ನ ಬಲಗಡೆ ಟ್ರೆಲೋರನ ಹಲಗೆ.

ಗ್ವೆಂಡಾ: ಊರವರದ್ದೆಲ್ಲಾ ನಿಂಗ್ಯಾಕೆ? ನಿನ್ನ ಹಲಗೆ ನೋಡ್ಕೊಂಡು ಹೊಡಿ.

ಕ್ಲಾರಿ: ನನ್ನ ಹಲಗೇನಾ?

ಗ್ವೆಂಡಾ: ನಿನ್ನದೇ. ಬೇರೆ ಯಾರದು? ಸುಮ್ನೆ ಹೊಡಿ.

ಕ್ಲಾರಿ: ಸರಿ ಮಾರಾಯ್ತಿ. ನೀನು ಹೇಳಿದ ಮೇಲೆ ಇನ್ನೇನು.

ಎರಡು ಬಂದೂಕೂ ಒಟ್ಟಿಗೆ ಸಿಡಿದವು. ಬೇಲಿಯ ಮೇಲಿದ್ದ ಗಲಾ ಗಿಳಿಗಳು ಎದ್ದು, ಬೈದುಕೊಂಡು, ಮತ್ತೆ ಕೂತವು. ಹುಲ್ಲಿನ ಗಂಟು ಮಣ್ಣಾಗಿ ಹಾರಿದ್ದನ್ನು ಗ್ವೆಂಡಾ ಕಣ್ಣಾರೆ ಕಂಡಳು. ನೆಮ್ಮದಿಯಿಂದ ಮೇಬಲ್‌ನ ಹಿಡಿಯನ್ನು ಒಮ್ಮೆ ಸವರಿದಳು.

ಡೆಸ್: ಮೂರನೇ ಹಲಗೆಗೆ ಐದು. ನಾಲ್ಕನೆಯದಕ್ಕೆ ಏನೂ ಇಲ್ಲ.

ಗ್ವೆಂಡಾ: ಇನ್ನೊಂದ್ಸಲ ಹೇಳು.

ಡೆಸ್: ಮೂರನೇದಕ್ಕೆ ಐದು. ನಟ್ಟ ನಡುವೆ.

ಗ್ವೆಂಡಾ: ಸರಿಯಾಗಿ ನೋಡು ಡೆಸ್. ನೊಣ ಇರಬಹುದು.

ಡೆಸ್: ಬೆರಳು ಹಾಕಿ ನೋಡಿದೀನಿ ಗ್ವೆಂಡಾ. ನೊಣದೊಳಗೆ ಬೆರಳು ಹೋಗಲ್ಲ.

ಬೆರಿಲ್ ತನ್ನ ಗುಂಡನ್ನೂ ಟ್ರೆಲೋರ್ ಸಹೋದರರು ತಮ್ಮ ತಮ್ಮ ಗುಂಡುಗಳನ್ನೂ ಹೊಡೆದು ಮುಗಿಸಿದರು. ಮೂವರಿಗೂ ಎರಡೆರಡೇ ಅಂಕ. ಬೆರಿಲ್ ಪೆನ್ಸಿಲಿನ ತುದಿ ನೆಕ್ಕಿ ಬರೆದಳು.

ಬೆರಿಲ್: ಗ್ವೆಂಡಾ ನಲವತ್ತೇಳು. ಇಪ್ಪತ್ತೆರಡು ಸಲ ಎರಡನೇ ಸ್ಥಾನ ಆದಮೇಲೆ ಅಂತೂ ಗೆದ್ದೆ. ಅಭಿನಂದನೆ. ಕ್ಲಾರಿ ಕೊನೆ. ಬಂದೂಕು ಅದಲುಬದಲು ಮಾಡ್ಕೊಳ್ಳಿ. ಆಮೇಲೆ ಟೀ.

ಸಾಂತೋ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದ. ಕ್ಲಾರಿ ಪಾದ್ರಿಯನ್ನು ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಮುಂದೆ ನೀಡಿದ.

ಕ್ಲಾರಿ: ತಗೋ. ಮೇಬಲ್‌ನ ಕೊಡು. ಚೆನ್ನಾಗಿ ನೋಡ್ಕೋತೀನಿ.

ಗ್ವೆಂಡಾ: ಕತ್ತರಿ ತಗೊಂಡಾಗಲೂ ಇದೇ ಮಾತು ಹೇಳಿದ್ದೆ.

ಕ್ಲಾರಿ: ಕತ್ತರಿ ಚೆನ್ನಾಗೇ ಇದೆ. ತಂತಿಗೆ ಇನ್ನೂ ಬರುತ್ತೆ.

ಅವನ ಬೆರಳು ಮೇಬಲ್‌ನ ಹಿಡಿಯ ಮೇಲೆ, ಅವಳ ಕೆನ್ನೆಯ ಗುಳಿಯ ಮೇಲೇ ಬಂತು. ಅದನ್ನು ಕಂಡದ್ದೇ ಗ್ವೆಂಡಾ ನೆಟ್ಟಗೆ ನಿಂತಳು.

ಗ್ವೆಂಡಾ: ಬೆರಿಲ್, ಆ ಐದು ನಂದಲ್ಲ.

ಬೆರಿಲ್: ಮತ್ತೆ ಯಾರದು?

ಗ್ವೆಂಡಾ: ಪಾದ್ರಿದು. ಇವನು ತನ್ನ ಹಲಗೆಗೆ ನೆಟ್ಟಗೆ ಗುರಿ ಇಟ್ಟ. ಅದು ಎಡಕ್ಕೆ ಬಂದು ನನ್ನ ಹಲಗೆಗೆ ಬಿತ್ತು.

ಕ್ಲಾರಿ: ನೀನೇ ಹೇಳಿದ್ದು, ನಿನ್ನ ಹಲಗೆ ನೋಡ್ಕೊಂಡು ಹೊಡಿ ಅಂತ. ಮೂವತ್ತೆಂಟು ವರ್ಷದಲ್ಲಿ ಒಂದು ಸಲ ಮಾತು ಕೇಳಿದೆ, ಅದಕ್ಕೂ ಬೈತಾಳೆ ನೋಡಿ.

ಬೆರಿಲ್: ಸುಮ್ನಿರು ಕ್ಲಾರಿ. ಗ್ವೆಂಡಾ, ಹಲಗೇಲಿ ಇರೋದು ಒಂದೇ ತೂತು. ಅದು ಪಾದ್ರಿದಾದ್ರೆ ನಿನ್ನ ಗುಂಡು ಎಲ್ಲಿ?

ಗ್ವೆಂಡಾ: ಏರೀಲಿ.

ಬೆರಿಲ್: ಆ ಹಲಗೆ ಆರಡಿ ಅಗಲ ಇದೆ. ಇಪ್ಪತ್ತೆರಡು ವರ್ಷದಲ್ಲಿ ನೀನು ಒಂದು ಗುಂಡೂ ಹಲಗೆ ಬಿಟ್ಟು ಹೊಡೆದಿಲ್ಲ. ಊರಲ್ಲಿ ಯಾರದೋ ಮದುವೆ ಊಟದ ಮಾರನೇ ದಿನಾನೂ ಹೊಡೆದಿಲ್ಲ.

ಗ್ವೆಂಡಾ: ಇವತ್ತು ಹೊಡೆದೆ.

ಬೆರಿಲ್: ಗಾಳಿನಾ? ಕಣ್ಣಿಗೆ ಬೆವರಾ? ಸುಮ್ನೆ ಬಾಯಿಮಾತು ಸಾಲದು. ಕಾರಣ ಬರೀಬೇಕು ನಾನು.

ಗ್ವೆಂಡಾ ಬಂದೂಕನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು.

ಗ್ವೆಂಡಾ: ಬರ್ಕೋ. ಬೇಕಂತ್ಲೇ.

ಬೆರಿಲ್ ನಿಯಮದ ಪುಸ್ತಕ ತೆಗೆದಳು. ಅದಕ್ಕೆ ಕಂದು ಕಾಗದದ ಹೊದಿಕೆ ಇತ್ತು, ಮಧ್ಯೆ ಒಂದು ಒಣಗಿದ ಬಿಸ್ಕತ್ತಿನ ಚೂರಿತ್ತು.

ಬೆರಿಲ್: "ಬೇಕೆಂದೇ ಗುರಿ ತಪ್ಪಿಸಿದೆನೆಂದು ಒಪ್ಪಿಕೊಂಡವರ ಎಲ್ಲ ಅಂಕಗಳೂ ರದ್ದು." ಹತ್ತೂ ಗುಂಡಿನ ಅಂಕ ಹೋಯ್ತು. ಗ್ವೆಂಡಾ, ನಿಂದು ಸೊನ್ನೆ.

ಗ್ವೆಂಡಾ: ಸೊನ್ನೆನೇ ಇರಲಿ. ಗೆಲುವು ಬೇಡ.

ಬೆರಿಲ್: ಹಾಗಾದ್ರೆ ನಲವತ್ತನಾಲ್ಕಕ್ಕೆ ಗೆದ್ದವನು ಸಾಂತೋ.

ಸಾಂತೋವಿನ ಚಪ್ಪಾಳೆ ನಿಂತಿತು.

ಸಾಂತೋ: ಬೆರಿಲಮ್ಮ, ನಂದೂ ಒಂದು ಮಾತಿದೆ. ಆ ಸೀನು.

ಬೆರಿಲ್: ಏನಾಯ್ತು ಸೀನಿಗೆ?

ಸಾಂತೋ: ಅದು ಸೀನಲ್ಲ. ಮನೇಲಿ ಒಂದು ವಾರದಿಂದ ಅಭ್ಯಾಸ ಮಾಡಿದ್ದು. ನನ್ನ ಹೆಂಡತಿ ಕೇಳಿ ಬೇಕಾದ್ರೆ, ಅವಳು ನಂಗೆ ಈರುಳ್ಳಿ ಕಷಾಯ ಎಲ್ಲಾ ಕುಡಿಸಿದಾಳೆ.

ಬೆರಿಲ್: ಬೇಕಂತ ಸೀನಿದೆಯಾ?

ಸಾಂತೋ: ಸೀನಿದ್ದೂ ಬೇಕಂತ, ತಪ್ಪಿಸಿದ್ದೂ ಬೇಕಂತ. ಹೋದ ವರ್ಷ ಕೆಮ್ಮಿದ್ದೂ ಬೇಕಂತ. ನನ್ನ ಅಂಕ ಹೊಡೆದುಹಾಕಿ, ಪುಣ್ಯ ಬರುತ್ತೆ.

ಬೆರಿಲ್ ಹೊಡೆದುಹಾಕಿದಳು. ನಂತರ ಪಟ್ಟಿಯಲ್ಲಿ ಮುಂದಿನ ಹೆಸರು ಯಾರದೆಂದು ಬೆರಳಿಟ್ಟು ನೋಡಿದಳು. ಬೆರಳು ಅಲ್ಲೇ ನಿಂತಿತು. ಮುಂದಿನದು ಅವಳದೇ.

ಗ್ವೆಂಡಾ: ಮುಂದೆ ಯಾರು ಬೆರಿಲ್?

ಬೆರಿಲ್: ಒಂದು ನಿಮಿಷ.

ಕ್ಲಾರಿ: ಟೀ ಆರ್ತಾ ಇದೆ.

ಬೆರಿಲ್: ನಾನು ಕ್ಯಾಪ್ಟನ್ ಆಗಿ ಒಂದು ಮಾತು ಬರ್ಕೋಬೇಕು. "ಕ್ಯಾಪ್ಟನ್ ಬೆರಿಲ್ ಟಾಂಪ್ಸೆಟ್ ತಮ್ಮ ಹತ್ತನೇ ಗುಂಡನ್ನು ಸ್ವಂತ ಇಚ್ಛೆಯಿಂದ ಮೂಲೆಗೆ ಹೊಡೆದಿರುವುದಾಗಿ ಕ್ಯಾಪ್ಟನ್ನರ ಎದುರು ಒಪ್ಪಿಕೊಂಡಿದ್ದಾರೆ." ಸಹಿ. ಇನ್ನೊಂದು ಸಹಿ.

ಸಾಂತೋ: ನೀವೂನಾ ಬೆರಿಲಮ್ಮ?

ಬೆರಿಲ್: ನಾನೇನು ಮನುಷ್ಯಳಲ್ವಾ?

ಟ್ರೆಲೋರ್ ಅಣ್ಣತಮ್ಮಂದಿರು ಒಂದು ಬಾವಿಯ ಜಗಳದಿಂದ ಹದಿನಾಲ್ಕು ವರ್ಷ ಮಾತು ಬಿಟ್ಟವರು. ಬೆರಿಲ್ ಅವರತ್ತ ತಿರುಗುವ ಮೊದಲೇ ಇಬ್ಬರ ಕೈಗಳೂ ಒಟ್ಟಿಗೆ ಮೇಲೇರಿದವು. ಅಷ್ಟು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಸಂಗತಿ ಅದು. ಬೆರಿಲ್ ಇಬ್ಬರಿಗೂ ಒಂದೊಂದು ಸೊನ್ನೆ ಹಾಕಿದಳು.

ಡೆಸ್: ಮೇಲೆ ಏನ್ ನಡೀತಿದೆ? ನಾನು ಕಂದಕದಿಂದ ಹೊರಗೆ ಬರಬಹುದಾ?

ಬೆರಿಲ್: ಎಲ್ಲರೂ ನಿಜ ಹೇಳ್ತಿದಾರೆ ಡೆಸ್. ಅಲ್ಲೇ ಇರು, ಅದೇ ಕ್ಷೇಮ.

ಈಗ ಎಲ್ಲರ ಕಣ್ಣೂ ಕ್ಲಾರಿಯ ಮೇಲೆ ಬಿತ್ತು. ಅವನು ಗ್ವೆಂಡಾಳ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ.

ಬೆರಿಲ್: ಕ್ಲಾರಿ, ಯೋಚನೆ ಮಾಡಿ ಹೇಳು. ನೀನು ಯಾವುದಾದ್ರೂ ಗುಂಡನ್ನ ಬೇಕಂತ ತಪ್ಪಿಸಿದೀಯಾ?

ಕ್ಲಾರಿ: ಇಲ್ಲ.

ಬೆರಿಲ್: ಒಂದೂ?

ಕ್ಲಾರಿ: ಹತ್ತಕ್ಕೆ ಹತ್ತೂ ಮನಸ್ಸಿಟ್ಟು ಹೊಡೆದದ್ದು.

ಬೆರಿಲ್: ಹೋದ ವರ್ಷ?

ಕ್ಲಾರಿ: ಆಗಲೂ. ಮತ್ತೆ ಸ್ಪರ್ಧೆ ಅಂದ್ರೆ ಏನು? ಗುರಿ ಇಟ್ಟು ಹೊಡೆಯೋದಲ್ವಾ?

ಸಾಂತೋ ತನ್ನ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. ಹೋದ ವರ್ಷದ ಗೆಲುವು ಹೇಗಾಯಿತೆಂದು ಗ್ವೆಂಡಾಳಿಗೆ ಈಗ ತಿಳಿಯಿತು. ಆರು ಜನರಲ್ಲಿ ಗುರಿಯ ಕಡೆ ನೋಡುತ್ತಿದ್ದವನು ಇವನೊಬ್ಬನೇ.

ಬೆರಿಲ್: ಹಾಗಾದ್ರೆ ಹತ್ತೊಂಬತ್ತು ಅಂಕಕ್ಕೆ ಈ ವರ್ಷವೂ ಗೆದ್ದವನು ಕ್ಲಾರಿ.

ಕ್ಲಾರಿ: ಕೊನೆಗೆ ಬಂದವನೂ ನಾನೇ ಅಲ್ವಾ? ಆಗಲೇ ಹೇಳಿದ್ರಿ.

ಬೆರಿಲ್: ಆಗ ಹೇಳಿದ್ದೆ.

ಕ್ಲಾರಿ: ಅಂದ್ರೆ ನಾನು ನನ್ನ ಜೊತೆನೇ ಬಂದೂಕು ಬದಲಾಯಿಸ್ಕೋಬೇಕಾ? ಅಡ್ಡಿ ಇಲ್ಲ. ಈ ಕೈಯಿಂದ ಈ ಕೈಗೆ ತಗೋತೀನಿ.

ಅವನು ಪಾದ್ರಿಯನ್ನು ಬಲಗೈಯಿಂದ ಎಡಗೈಗೆ ದಾಟಿಸಿ, ತಲೆಬಾಗಿ ತನಗೇ ಒಂದು ವಂದನೆ ಹೇಳಿಕೊಂಡ. ಗ್ವೆಂಡಾ ಬೆಳಗಿನಿಂದ ಮೊದಲ ಸಲ ನಕ್ಕಳು. ಮೇಬಲ್‌ನ ಬಾಯಿಗೆ ಎಣ್ಣೆ ಬಟ್ಟೆ ಸುತ್ತಿ, ಬೀರುವಿನ ಕಡೆಗೆ ಎರಡು ಹೆಜ್ಜೆಯನ್ನೂ ಇಟ್ಟಳು.

ಬೆರಿಲ್: ನಿಲ್ಲು ಗ್ವೆಂಡಾ.

ಗ್ವೆಂಡಾ: ಏನು?

ಬೆರಿಲ್: ಹತ್ತೊಂಬತ್ತು ಹೇಗೆ ಕೊನೆ ಆಗುತ್ತೆ? ಅದಕ್ಕಿಂತ ಕೆಳಗೆ ಐದು ಸೊನ್ನೆ ಇದಾವೆ. ಕೊನೇಲಿರೋದು ಸೊನ್ನೆಯವರು.

ಗ್ವೆಂಡಾ: ಐದು ಜನ ಒಟ್ಟಿಗೆ ಕೊನೆ ಆಗಕ್ಕೆ ಬರಲ್ಲ.

ಬೆರಿಲ್: ಬರಲ್ಲ. ಅದಕ್ಕೂ ನಿಯಮ ಇದೆ. "ಅಂಕ ಸಮವಾದಲ್ಲಿ ಯಾರ ಅಂಕ ಮೊದಲು ದಾಖಲಾಯಿತೋ ಅವರನ್ನೇ ಪರಿಗಣಿಸತಕ್ಕದ್ದು." ಎಲ್ಲರಿಗಿಂತ ಮೊದಲು ಒಪ್ಕೊಂಡವಳು ನೀನು. ನಿಂದು ಎಲ್ಲರಿಗಿಂತ ಹಳೇ ಸೊನ್ನೆ.

ಗ್ವೆಂಡಾ: ಆ ನಿಯಮ ಗೆದ್ದವರಿಗೆ ಇರಬೇಕು.

ಬೆರಿಲ್: ಗೆದ್ದವರಿಗೆ ಅಂತ ಎಲ್ಲಿ ಬರೆದಿದೆ, ತೋರಿಸು.

ಗ್ವೆಂಡಾ ಪುಸ್ತಕ ಕಿತ್ತುಕೊಂಡು ಓದಿದಳು. ಅಲ್ಲಿ ಹಾಗೆ ಬರೆದಿರಲಿಲ್ಲ. ಇನ್ನೊಮ್ಮೆ ಓದಿದಳು. ಬಿಸ್ಕತ್ತಿನ ಚೂರನ್ನು ಸರಿಸಿ ಅದರ ಕೆಳಗೂ ನೋಡಿದಳು.

ಗ್ವೆಂಡಾ: ಅಂದ್ರೆ ಸುಮ್ನೆ ಬಾಯಿ ಮುಚ್ಕೊಂಡಿದ್ದರೆ ಗೆದ್ದು ಮೇಬಲ್‌ನ ಕಳ್ಕೋತಿದ್ದೆ. ಈಗ ಸೋತು ಕಳ್ಕೊಂಡೆ.

ಸಾಂತೋ: ಪ್ರಾಮಾಣಿಕತೆಗೆ ಬೆಲೆ ಇದ್ದೇ ಇರುತ್ತೆ ಗ್ವೆಂಡಾ.

ಗ್ವೆಂಡಾ: ನೀನು ಮಾತಾಡಬೇಡ. ಸೀನು ಹೋಗು.

ಕ್ಲಾರಿ ಮುಂದೆ ಬಂದ. ಅವನ ಮುಖದಲ್ಲಿ ಕುಹಕದ ಸುಳಿವೇ ಇರಲಿಲ್ಲ, ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು. ಅವಳು ಮೇಬಲ್‌ನ ಎಣ್ಣೆ ಬಟ್ಟೆ ಬಿಚ್ಚಿ, ಖಾಲಿ ಇದೆಯೆಂದು ಎರಡು ಸಲ ನೋಡಿ, ಅವನ ಕೈಗಿಟ್ಟಳು. ಅವನು ಹಿಡಿಯನ್ನು ಭುಜಕ್ಕಿಟ್ಟು ಅಳೆದ.

ಕ್ಲಾರಿ: ಹಿಡಿ ನಂಗೆ ಸ್ವಲ್ಪ ಉದ್ದ ಆಯ್ತು. ಶೆಡ್ಡಲ್ಲಿ ಗರಗಸ ಇದೆ, ಒಂದಿಂಚು ತೆಗೆದ್ರೆ...

ಗ್ವೆಂಡಾ: ಕ್ಲಾರಿ.

ಕ್ಲಾರಿ: ತಮಾಷೆಗೆ ಅಂದೆ. ಅದು ಕೂಟದ ಬಂದೂಕು, ಬೀರುವಿನಿಂದ ಶೆಡ್ಡಿಗೆ ಬೆರಿಲಮ್ಮ ಬಿಡ್ತಾರಾ? ಇದನ್ನ ವಾಪಸ್ ಪಡೆಯಕ್ಕೆ ದಾರಿ ಏನು, ಅದನ್ನ ಯೋಚಿಸು.

ಗ್ವೆಂಡಾ ಯೋಚಿಸಿದಳು. ಪಾದ್ರಿ ಈಗ ಅವಳ ಬಳಿ. ಮುಂದಿನ ವರ್ಷ ಕೊನೆಗೆ ಬರುವವಳು ಅವಳೇ. ಕೊನೆಗೆ ಬಂದವಳಿಗೆ ಸಿಗುವುದು ಗೆದ್ದವನ ಬಂದೂಕು. ಮೇಬಲ್ ಮರಳಿ ಬರಬೇಕಾದರೆ ಮುಂದಿನ ವರ್ಷ ಗೆಲ್ಲಬೇಕಾದವನು ಈ ಗಂಡಸು, ಅದೂ ಬೇರೆಯವರು ನಿಜವಾಗಿ ಗುರಿ ಇಟ್ಟು ಹೊಡೆದರೂ ಗೆಲ್ಲುವಷ್ಟು ಕಲಿತು. ಅವಳು ಕೈ ಚಾಚಿ ಅವನ ಮೂಗಿನ ಮೇಲಿದ್ದ ತನ್ನ ಕನ್ನಡಕವನ್ನು ತೆಗೆದು, ಗಾಜನ್ನು ಚೆನ್ನಾಗಿ ಒರೆಸಿ, ತಿರುಗಿ ಅವನಿಗೇ ಹಾಕಿದಳು.

ಗ್ವೆಂಡಾ: ಮುಂದಿನ ಶನಿವಾರದಿಂದ ವಾರ ವಾರ ಬಾ. ಉಸಿರು ಎಲ್ಲಿ ಬಿಡಬೇಕು, ಕೆನ್ನೆ ಎಲ್ಲಿ ಇಡಬೇಕು, ಎಲ್ಲಾ ಹೇಳಿಕೊಡ್ತೀನಿ. ಆ ಗುಳಿ ಇದೆಯಲ್ಲ, ಅಲ್ಲೇ ಇಡಬೇಕು.

ಕ್ಲಾರಿ: ಅಲ್ಲಿ ನಿನ್ನ ಕೆನ್ನೆ ಇರುತ್ತಲ್ಲ.

ಗ್ವೆಂಡಾ: ಒಂದು ವರ್ಷ ನಿಂದಿರಲಿ.

ಕ್ಲಾರಿ: ಕಲಿತೀನಿ. ಆದರೆ ಒಂದು ಷರತ್ತು. ನಾನು ಗೆಲ್ಲಲಿ ಅಂತ ನೀನು ಬೇಕಂತ ಗುರಿ ತಪ್ಪಿಸೋ ಹಾಗಿಲ್ಲ.

ಗ್ವೆಂಡಾ ಪಾದ್ರಿಯನ್ನು ಹೆಗಲಿಗೇರಿಸಿದಳು.

ಗ್ವೆಂಡಾ: ಇದು ಕೈಲಿದ್ದಾಗ ಬೇಕಂತ ತಪ್ಪಿಸೋ ತೊಂದರೆ ಯಾರೂ ತಗೊಂಡಿಲ್ಲ ಕಣಯ್ಯ. ನಡಿ, ಟೀ ಆರಿಹೋಯ್ತು.

ಇಷ್ಟೇ ನಡೆದದ್ದು. ಈಗ ನಾನು ಪೆನ್ನು ಮುಚ್ಚಿಟ್ಟು ಹಿಟ್ಟಿನ ಅಂಟು ಕುದಿಸಿ, ಆರು ಗುರಿಹಲಗೆಗಳ ತೂತುಗಳಿಗೂ ಕಾಗದ ಅಂಟಿಸಲು ಹೋಗುತ್ತೇನೆ. ಶನಿವಾರದೊಳಗೆ ಒಣಗಬೇಕು.